ತಿಗರಿ ಕಲಿಕೆ: ಮಣ್ಣು ನಡುವಿಗೆ ನಿಲ್ತಾನೇ ಇಲ್ಲ, ಮನೆಗೆ ಒಂದು ತಗೊಂಡುಬಿಡಲಾ?

ತೆಂಗಿನಗರಿ:

ಎಲ್ಲರಿಗೂ ನಮಸ್ಕಾರ. ನಾನಿರೋದು ಬೆಂಗಳೂರಿನ ವಿಜಯನಗರದಲ್ಲಿ, ಊರು ಅರಸೀಕೆರೆ ಹತ್ತಿರ. ಬ್ಯಾಂಕಿನಲ್ಲಿ ಕೆಲಸ, ವಯಸ್ಸು ನಲವತ್ತು ದಾಟಿದೆ. ಬೇಸಿಗೆಯಿಂದ ಭಾನುವಾರ ಭಾನುವಾರ ಒಂದು ಸ್ಟುಡಿಯೊಗೆ ಹೋಗಿ ತಿಗರಿ (ಕುಂಬಾರನ ಚಕ್ರ) ಮೇಲೆ ಮಡಕೆ ಮಾಡೋದು ಕಲೀತಿದ್ದೀನಿ. ಕಲೀತಿದ್ದೀನಿ ಅನ್ನೋದೂ ದೊಡ್ಡ ಮಾತೇ. ಮೇಷ್ಟ್ರು ಬಂದು ಎರಡು ಬೆರಳು ತಾಗಿಸಿದರೆ ಮಣ್ಣು ಸುಮ್ಮನೆ ನಿಲ್ಲುತ್ತೆ. ಅವರು ಆ ಕಡೆ ತಿರುಗಿದರೆ ಸಾಕು, ನನ್ನ ಕೈ ಕೆಳಗೆ ಕುಲುಕಾಡೋಕೆ ಶುರು ಮಾಡುತ್ತೆ. ಅದೃಷ್ಟಕ್ಕೆ ತಿಗರಿಯ ನಟ್ಟನಡುವಿಗೆ ಅಲ್ಲಾಡದೆ ನಿಂತರೂ, ಮಡಕೆಯ ಗೋಡೆ ಎತ್ತುವಾಗ ಒಂದು ಗೇಣೂ ಏರೋದಿಲ್ಲ; ಬಾಯಿ ಅಗಲವಾಗಿ ಲಂಗದ ಹಾಗೆ ಹರಡಿಕೊಂಡು ಕುಸಿದು ಕೂರುತ್ತೆ. ಸಂಜೆ ಮನೆಗೆ ಬಂದರೆ ಭುಜ ನೋವು. ನಮ್ಮತ್ತೆ ಬೇರೆ, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಿನಗೆ ದೊಣ್ಣೆಯೂ ಬೇಡವಲ್ಲೇ" ಅಂತ ನಗಾಡ್ತಾರೆ.

ಕೇಳಬೇಕಾಗಿರೋದು ಇಷ್ಟು. ನಡುವಿಗೆ ತರೋದಕ್ಕೆ ತೋಳಿನ ಬಲ ಬೇಕಾ, ನನ್ನಂಥ ಸಣಕಲು ಮೈಯವರಿಗೆ ಆಗುತ್ತಾ? ವಾರಕ್ಕೆರಡು ಗಂಟೆ ಸಾಲದು ಅನ್ನಿಸ್ತಿದೆ, ಬಾಲ್ಕನಿಗೆ ಒಂದು ಸಣ್ಣ ಕರೆಂಟ್ ತಿಗರಿ ತಗೊಳ್ಳಲಾ? ನೋಡಿದ ಬೆಲೆಗಳು ಸಣ್ಣವಲ್ಲ, ಅದಕ್ಕೇ ಹಿಂಜರಿಕೆ. ಇನ್ನೊಂದು, ನಮ್ಮೂರ ಕೆರೆ ಹೂಳೆತ್ತಿದಾಗ ಮಣ್ಣನ್ನ ತೋಟಕ್ಕೆ ಹೊಡೆಸಿದ್ದರು, ಒಂದು ಗುಡ್ಡೆ ಹಾಗೇ ಇದೆ. ಒಳ್ಳೆ ಜಿಗಟು ಮಣ್ಣು. ಅದರಲ್ಲೇ ಮಾಡಿ ಸ್ಟುಡಿಯೊದಲ್ಲಿ ಸುಡಿಸಬಹುದಾ? ಮೇಷ್ಟ್ರನ್ನ ಕೇಳಿದರೆ "ಬೇಡ" ಅಂದರು ಅಷ್ಟೇ. ಯಾಕೆ ಅಂತ ಹೇಳೋಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಬೂದಿಮೆರುಗು:

ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ನಷ್ಟ ಆಗೋದು ಅಲ್ಲೇ. ನಿಮ್ಮ ಮೇಷ್ಟ್ರು ಬೇಡ ಅಂದಿದ್ದು ಸರಿ. ಸ್ಟುಡಿಯೊಗಳಲ್ಲಿ ಕೊಡೋದು ಸಾಮಾನ್ಯವಾಗಿ ಸ್ಟೋನ್‌ವೇರ್ ಮಣ್ಣು. 1200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೇ ಅದು ಒಳಗೊಳಗೇ ಬಿಗಿದುಕೊಂಡು ನೀರು ಹೀರದ ಹಾಗಾಗೋದು. ಕೆರೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸಾವಿರ ಡಿಗ್ರಿ ಮುಟ್ಟೋ ಮುಂಚೆಯೇ ಅದರ ಬೇಯುವ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತೆ. ಅದನ್ನ 1200ಕ್ಕೆ ಒಯ್ದರೆ ಉಬ್ಬುತ್ತೆ, ಕರಗುತ್ತೆ, ಕಿಲ್ನ್ (ಮಡಕೆ ಸುಡೋ ಗೂಡು) ಒಳಗಿನ ಹಲಗೆಗೆ ಅಂಟಿಕೊಳ್ಳುತ್ತೆ. ಆ ಹಲಗೆಗಳು ದುಬಾರಿ. ಪಕ್ಕದಲ್ಲಿ ಬೇರೆ ಯಾರೋ ಆಸೆಯಿಂದ ಮಾಡಿಟ್ಟ ಲೋಟವೂ ಜೊತೆಗೆ ಹೋಗುತ್ತೆ. ನಿಮ್ಮ ಕೆರೆ ಮಣ್ಣು ಕೆಟ್ಟದ್ದಲ್ಲ, ಅದಕ್ಕೆ ಬೇಕಾದ ಬೆಂಕಿ ಬೇರೆ. ಯಾವ ಮಣ್ಣು ತಗೋಬೇಕು ಅನ್ನೋದನ್ನ ಯಾವ ಕಿಲ್ನ್ ಸಿಗುತ್ತೆ ಅನ್ನೋದರಿಂದಲೇ ತೀರ್ಮಾನ ಮಾಡಬೇಕು. ಮೊದಲ ತರಗತಿಯಲ್ಲೇ ಇದನ್ನ ಹೇಳಿಕೊಡೋರು ಕಡಿಮೆ. ನಾನು ಮೈಸೂರಲ್ಲಿ ಪುಟ್ಟ ಸ್ಟುಡಿಯೊ ಇಟ್ಟುಕೊಂಡು ಕಲಿಸ್ತೀನಿ, ಯಾರು ಬಂದರೂ ಮೊದಲು ಕಿಲ್ನ್ ತೋರಿಸಿ ಆಮೇಲೆ ತಿಗರಿ ಹತ್ತಿರ ಕರ್ಕೊಂಡು ಹೋಗ್ತೀನಿ.

ಇನ್ನು ನಡುವಿಗೆ ತರೋದು. ಬಲ ಬೇಡ. ನನ್ನ ಹತ್ತಿರ ಕಲಿಯೋಕೆ ಬರೋರಲ್ಲಿ ಜಿಮ್‌ಗೆ ಹೋಗೋ ಹುಡುಗರಿಗೇ ಹೆಚ್ಚು ಕಾಲ ಹಿಡಿಯುತ್ತೆ, ಯಾಕಂದ್ರೆ ಅವರು ತೋಳಿನಿಂದ ತಳ್ತಾರೆ. ನಿಮಗೆ ಭುಜ ನೋಯ್ತಿದೆ ಅಂದ್ರೆ ನಿಮ್ಮ ಮೊಣಕೈ ಗಾಳಿಯಲ್ಲಿದೆ ಅಂತ ಅರ್ಥ. ಎಡ ಮೊಣಕೈಯನ್ನ ತೊಡೆಯ ಒಳಭಾಗಕ್ಕೋ ಸೊಂಟದ ಮೂಳೆಗೋ ಗಟ್ಟಿಯಾಗಿ ಒತ್ತಿ ಕೂರಿಸಿ. ಸ್ಟೂಲ್ ಎತ್ತರ ನೋಡಿ. ತಿಗರಿಯ ತಟ್ಟೆ ನಿಮ್ಮ ಸೊಂಟಕ್ಕಿಂತ ಮೇಲಿದ್ದರೆ ಮೈಭಾರ ಕೈಗೆ ಬರೋದೇ ಇಲ್ಲ. ಎಡ ಅಂಗೈ ಪಕ್ಕದಿಂದ ಒತ್ತಲಿ, ಬಲಗೈಯ ಅಂಚು ಮೇಲಿಂದ ಒತ್ತಲಿ, ಎರಡೂ ಕೈ ಒಂದಕ್ಕೊಂದು ತಾಗಿಕೊಂಡಿರಲಿ. ಆಮೇಲೆ ಏನೂ ಮಾಡಬೇಡಿ. ಮಣ್ಣು ನಿಮ್ಮನ್ನ ಅಲ್ಲಾಡಿಸೋಕೆ ನೋಡುತ್ತೆ, ನೀವು ಅಲ್ಲಾಡಬೇಡಿ. ಈ ಹೊತ್ತಿನಲ್ಲಿ ತಿಗರಿ ಜೋರಾಗಿಯೇ ತಿರುಗಬೇಕು. ಹೆದರಿ ನಿಧಾನ ಇಟ್ಟುಕೊಂಡವರಿಗೆ ಮಣ್ಣು ಯಾವತ್ತೂ ನಿಲ್ಲಲ್ಲ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಒಂದು, ಕೈ ಬಿಡೋದು. ನಡುವಿಗೆ ಬಂತು ಅಂತ ಖುಷಿಯಲ್ಲಿ ಪಟ್ಟನೆ ಕೈ ತೆಗೆದರೆ ಆ ಎಳೆತಕ್ಕೇ ಮಣ್ಣು ಮತ್ತೆ ಸೊಟ್ಟ ಆಗುತ್ತೆ. ತಿಗರಿ ಇನ್ನೂ ಕೆಲವು ಸುತ್ತು ಬರೋ ತನಕ ಒತ್ತಡ ಇಳಿಸ್ತಾ ಇಳಿಸ್ತಾ ಕೈ ತೆಗೀಬೇಕು. ಇನ್ನೊಂದು, ನಾದದೆ ತಿಗರಿಗೆ ಹಾಕೋದು. ಚೀಲದಿಂದ ತೆಗೆದ ಮಣ್ಣು ಒಂದು ಕಡೆ ಗಟ್ಟಿ, ಒಂದು ಕಡೆ ಮೆದು ಇರುತ್ತೆ. ಅಂಥದ್ದು ನಡುವಿಗೆ ಬರೋದೇ ಕಷ್ಟ. ಚಪಾತಿ ಹಿಟ್ಟಿನಷ್ಟು ಒಂದೇ ಹದ ಬರೋ ತನಕ ನಾದಿ. ಆಮೇಲೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಉಂಡೆ ಮಾಡಿ, ಒಣಗಿದ ತಟ್ಟೆ ಮೇಲೆ ಬಡಿದು ಕೂರಿಸಿ. ತಟ್ಟೆ ಒದ್ದೆ ಇದ್ದರೆ ಜಾರುತ್ತೆ. ನಡುವಿಗೆ ಬಂದಿದೆಯಾ ಅಂತ ನೋಡೋಕೆ ಕಣ್ಣನ್ನ ನಂಬಬೇಡಿ. ದಬ್ಬಣದ ತುದಿ ಹಿಡಿದು ತಿರುಗೋ ಮಣ್ಣಿಗೆ ಮೆಲ್ಲಗೆ ತಾಗಿಸಿ. ಸುತ್ತಲೂ ಗೆರೆ ಬಿದ್ದರೆ ಸರಿ, ಒಂದು ಪಕ್ಕ ಮಾತ್ರ ಬಿದ್ದರೆ ಇನ್ನೂ ಕೆಲಸ ಇದೆ.

ಗೋಡೆ ಕುಸಿಯೋದಕ್ಕೆ ನೂರು ಕಾರಣ ಹೇಳ್ತಾರೆ. ನನ್ನ ಅನುಭವದಲ್ಲಿ ಹೊಸಬರಿಗೆ ಇರೋದು ನೀರಿನ ಕಾಯಿಲೆ. ಕೈ ಸ್ವಲ್ಪ ಬಿಗಿ ಅನ್ನಿಸಿದ ಕೂಡಲೇ ಸ್ಪಂಜು ಹಿಂಡ್ತಾರೆ, ಒಳಗೆ ನೀರು ನಿಲ್ಲುತ್ತೆ, ತಳ ನೆಂದು ಮೆತ್ತಗಾಗುತ್ತೆ. ನೀರಿನ ಬದಲು ಬೆರಳ ಮೇಲಿರೋ ರಾಡಿಯನ್ನೇ ಸವರಿಕೊಳ್ಳಿ. ಗೋಡೆ ಎತ್ತುವಾಗ ವೇಗ ಅರ್ಧಕ್ಕೆ ಇಳಿಸಿ. ಒಳಗಿನ ಬೆರಳು, ಹೊರಗಿನ ಬೆರಳು ಒಂದೇ ಹಿಡಿತದಲ್ಲಿ ತಳದ ಮೂಲೆಯಿಂದ ಬಾಯಿಯ ತನಕ ಹೋಗಬೇಕು. ತಿಗರಿ ಒಂದು ಸುತ್ತು ಬರುವಷ್ಟರಲ್ಲಿ ನಿಮ್ಮ ಕೈ ಒಂದು ಬೆರಳಗಲ ಮೇಲೇರಿದರೆ ಸಾಕು. ನಡುವೆ ನಿಂತು ಯೋಚನೆ ಮಾಡಿದರೆ ಆ ಜಾಗ ತೆಳ್ಳಗಾಗಿ ಅಲ್ಲೇ ಮುರಿಯುತ್ತೆ. ಬಾಯಿ ಹರಡಿಕೊಳ್ಳೋದು ಸಹಜ, ತಿರುಗುವ ವಸ್ತು ಹೊರಗೇ ಓಡೋದು. ಅದಕ್ಕೇ ಪ್ರತಿ ಸಲ ಎತ್ತಿದ ಮೇಲೂ ಎರಡೂ ಕೈಯಿಂದ ಕತ್ತು ಹಿಡಿದ ಹಾಗೆ ಬಾಯಿಯನ್ನ ಒಳಗೆ ಒತ್ತಿ ಚಿಕ್ಕದು ಮಾಡಿ, ಆಮೇಲೆ ಮುಂದಿನ ಎಳೆತ.

ನನಗೆ ಕಲಿಸಿದವರು ಪುದುಚೇರಿಯ ಗೋಲ್ಡನ್ ಬ್ರಿಜ್ ಪಾಟರಿಯಲ್ಲಿ ಕಲಿತವರು. 1971ರಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಶುರು ಮಾಡಿದ ಜಾಗ ಅದು. ನಮ್ಮ ದೇಶದ ಸ್ಟುಡಿಯೊ ಕುಂಬಾರಿಕೆಯವರನ್ನ ಕೆದಕಿದರೆ ಎಷ್ಟೋ ಜನರ ಬೇರು ಅಲ್ಲಿಗೆ ಹೋಗುತ್ತೆ. ನಮ್ಮ ಮೇಡಂ ನಮ್ಮ ಕೈಲಿ ಬರೀ ನೆಟ್ಟನೆ ಗೋಡೆಯ ಲೋಟದಾಕಾರ ಮಾಡಿಸೋರು, ಮಾಡಿದ ತಕ್ಷಣ ತಂತಿ ಕೊಟ್ಟು ನಡುವೆ ಸೀಳಿಸೋರು. ಇಟ್ಟುಕೊಳ್ಳೋ ಹಾಗಿರಲಿಲ್ಲ. ಹಿಂಸೆ ಅನ್ನಿಸ್ತಿತ್ತು, ಆದರೆ ಸೀಳಿದರೆ ಮಾತ್ರ ಗೊತ್ತಾಗೋದು ಮಣ್ಣೆಲ್ಲ ತಳದ ಮೂಲೆಯಲ್ಲೇ ಕೂತಿದೆ ಅಂತ. ನೀವೂ ಸೀಳಿ ನೋಡಿ. ಸುಟ್ಟ ಮಡಕೆಗಳನ್ನ ಮನೆಗೆ ತಂದು ಸಾಲಾಗಿ ಜೋಡಿಸೋದಕ್ಕೆ ಈಗಲೇ ಆತುರ ಬೇಡ.

ತಿಗರಿ ಕೊಳ್ಳೋದರ ಬಗ್ಗೆ: ತಿಗರಿ ಸಾಮಾನ್ಯ ಪ್ಲಗ್‌ನಲ್ಲಿ ಓಡುತ್ತೆ, ಅದು ತೊಂದರೆ ಇಲ್ಲ. ಕಿಲ್ನ್ ಹಾಗಲ್ಲ. ಹಲವು ಕಿಲೋವ್ಯಾಟ್ ಎಳೆಯುತ್ತೆ, ಸ್ವಲ್ಪ ದೊಡ್ಡದಾದರೆ ತ್ರೀ ಫೇಸ್ ಬೇಕು. ಅಂದ್ರೆ ಮನೆಯಲ್ಲಿ ಮಾಡಿದರೂ ಸುಡೋಕೆ ಹೊರಗೇ ಹೋಗಬೇಕು. ನಿಮ್ಮ ಸ್ಟುಡಿಯೊದವರು ಹೊರಗಿನ ಮಾಲು ಸುಟ್ಟುಕೊಡ್ತಾರಾ, ಎಷ್ಟು ತಗೋತಾರೆ ಅಂತ ಮೊದಲು ಕೇಳಿ. ಹೂಂ ಅಂದರೆ ಆಮೇಲೆ ಕೊಳ್ಳಿ, ಸಾಧ್ಯವಾದರೆ ಯಾರೋ ಬಳಸಿ ಬಿಟ್ಟಿದ್ದು.

ಗಡಿಗಿಮನಿ:

ಅಕ್ಕಾರ, ಮ್ಯಾಲೆ ಮೇಡಮ್ಮಾರು ಹೇಳಿದ್ದು ಸ್ಟುಡಿಯೊ ಲೆಕ್ಕಕ್ಕ ಬರೋಬ್ಬರಿ ಐತಿ. ನಂದು ಸ್ವಲ್ಪ ಬ್ಯಾರೆ ಹಾದಿ. ನಾವು ಮನಿತನದಿಂದ ಕುಂಬಾರರು, ಬೆಳಗಾವಿ ಕಡೇವ್ರು. ನಮ್ಮಪ್ಪ ಕೋಲಿನ ತಿಗರಿ ಮ್ಯಾಲೆ ಕೆಲಸ ಮಾಡ್ತಿದ್ದ. ಗಾಲಿ ಅಂಚಿನ ತೂತಿನ್ಯಾಗ ಕೋಲು ಇಟ್ಟು ಜೋರ್ ತಿರುವಿ ಬಿಡೂದು, ಅದರ ವ್ಯಾಗ ಇಳಿಯೂದ್ರಾಗ ಗಡಿಗಿ ಬಾಯಿ ಎತ್ತಿ ಮುಗಸೂದು. ನಾ ಆಮ್ಯಾಲೆ ಖಾನಾಪುರದಾಗ ಖಾದಿ ಆಯೋಗದ್ದು ಕುಂಬಾರಿಕೆ ಸಂಸ್ಥೆ ಐತಲ್ಲ, ಅಲ್ಲಿ ಕರೆಂಟ್ ತಿಗರಿ ಕಲ್ತೆ. ನಿಮಗ ಪುರಸೊತ್ತು ಸಿಕ್ರ ಅಲ್ಲಿ ತರಬೇತಿ ಯಾವಾಗ ಐತಿ ಅಂತ ಕೇಳ್ರಿ.

ಒಂದು ಮಾತಿಗೆ ನಾ ಒಪ್ಪಂಗಿಲ್ಲ. ಅರ್ಧ ಕಿಲೋ ಉಂಡಿ ಇಟ್ಟು ಒಂದ ಲೋಟ ಮಾಡಿ, ಸೀಳಿ, ಮತ್ತ ಉಂಡಿ ಇಟ್ಟು... ಹಿಂಗ ಮಾಡಿದ್ರ ದಿನಾ ಎಲ್ಲಾ ಉಂಡಿ ಕಟ್ಟೂದ್ರಾಗ ಹೋಗತೈತಿ. ನಮ್ಮಲ್ಲಿ ಹುಡುಗೂರಿಗೆ ಮೊದಲ ಹಣತಿ ಕಲಸ್ತಾರ. ನಾಕೈದು ಕಿಲೋ ಮಣ್ಣು ಒಮ್ಮಿಗೇ ತಿಗರಿ ಮ್ಯಾಲೆ ಗುಡ್ಡಾ ಹಾಕ್ರಿ. ಇಡೀ ಗುಡ್ಡಾ ನಡುವಿಗೆ ಬರಬೇಕಂತಿಲ್ಲ. ತುದಿ ಒಂದು ಹಿಡಿಯಷ್ಟು ನಡುವಿಗೆ ತರ್ರಿ, ಹೆಬ್ಬಟ್ಟು ಒತ್ರಿ, ಹಣತಿ ಬಾಯಿ ಮಾಡ್ರಿ, ದಾರ ಸುತ್ತಿ ಕತ್ತರಿಸಿ ತೆಗೀರಿ. ಮತ್ತ ಅದರ ತಳಗಿನ ತುದಿ. ಕುಂತ ಜಾಗಾ ಬಿಟ್ಟು ಏಳದಂಗ ಸಾಲು ಸಾಲು ಹಣತಿ ಬರತಾವ, ಅಷ್ಟೂ ಸಲ ನಡುವಿಗೆ ತಂದಂಗೂ ಆತು. ಕೈಗೆ ಅದು ಹತ್ತೂದು ಹಿಂಗ.

ಇನ್ನೊಂದು, ಯಾರೂ ಹೇಳಂಗಿಲ್ಲ ಅಂತ ಹೇಳ್ತೇನಿ. ಸಂತ್ಯಾಗ ನೀವು ನೋಡೂ ದುಂಡು ತಳದ ನೀರಿನ ಗಡಿಗಿ ಐತಲ್ಲ, ಅದು ಪೂರಾ ತಿಗರಿ ಮ್ಯಾಲೆ ಆದದ್ದಲ್ರಿ. ಬಾಯಿ, ಕಂಠ, ಹೆಗಲು ಅಷ್ಟ ತಿಗರಿ ಮ್ಯಾಲೆ. ತಳ ದಪ್ಪ ಬಿಟ್ಟು ಇಳಸ್ತೇವಿ. ಬಿಸಲಿಗೆ ಸ್ವಲ್ಪ ಬಿಗಿ ಆದ ಮ್ಯಾಲೆ ಒಳಗ ದುಂಡನ ಕಲ್ಲು ಹಿಡಿದು, ಹೊರಗಿಂದ ಕಟಗಿ ಹಲಗಿಲೆ ಬಡದು ಬಡದು ಹೊಟ್ಟಿ ಉಬ್ಬಿಸಿ ತೆಳ್ಳಗ ಮಾಡ್ತೇವಿ. ಹಂಗಾಗಿ, ತಿಗರಿ ಮ್ಯಾಲೆ ಅಷ್ಟು ದೊಡ್ಡ ಹೊಟ್ಟಿ ಬರಲಿಲ್ಲ ಅಂತ ಅಳಬ್ಯಾಡ್ರಿ, ನಮಗೂ ಬರಂಗಿಲ್ಲ. ಮೊದಲ ನಮ್ಮಲ್ಲಿ ಹೆಣ್ಮಕ್ಕಳು ತಿಗರಿ ಮ್ಯಾಲೆ ಕುಂದರ್ತಿರಲಿಲ್ಲ. ಮಣ್ಣು ತುಳಿಯೂದು, ಬಣ್ಣ ಹಚ್ಚೂದು, ಲಗ್ನದ ಐರಾಣಿ ಗಡಿಗಿಗೆ ಚಿತ್ತಾರ ಬರಿಯೂದು ಅವ್ರದ್ದು. ಈಗ ನನ್ನ ಮಗಳು ಕುಂದರ್ತಾಳ. ಅವಳ ಹಣತಿ ಬಾಯಿ ನನ್ನಕ್ಕಿಂತ ತೆಳ್ಳಗ ಬರತಾವ, ಈ ಮಾತು ಮನ್ಯಾಗ ಹೇಳಂಗಿಲ್ಲ ಅಷ್ಟ.

ನಿಮ್ಮ ಕೆರಿ ಮಣ್ಣು ಒಗೀಬ್ಯಾಡ್ರಿ. ಪರೀಕ್ಷಾ ಮಾಡ್ರಿ. ಮೆತ್ತಗ ಕಲಸಿ ಕಿರುಬಳ್ಳಿನಷ್ಟು ದಪ್ಪ ಬತ್ತಿ ಹೊಸದು ಕೈಬೆರಳಿಗೆ ಸುತ್ರಿ. ಸೀಳದಂಗ ಸುತ್ತಿಕೊಂಡ್ರ ಜಿಗಟು ಐತಿ. ಆಮ್ಯಾಲೆ ಒಂದು ಬಿಲ್ಲಿ ಮಾಡಿ ನೆರಳಿಗೆ ಒಣಗಸ್ರಿ. ಎರಿ ಮಣ್ಣು ಜಾಸ್ತಿ ಇದ್ರ ಒಣಗೂದ್ರಾಗ ಬಿರಕು ಬಿಡತೈತಿ. ಅಂಥಾದ್ದಕ್ಕ ಸಣ್ಣ ಉಸುಕು ಕೂಡಸಬೇಕು, ಅಂದ್ರೂ ಬಿಟ್ರ ಆ ಮಣ್ಣು ಹೊಲಕ್ಕ ಛಲೋ, ಗಡಿಗಿಗೆ ಬ್ಯಾಡ. ಎಲ್ಲಾಕ್ಕಿಂತ ಮುಖ್ಯ, ಬಿಳೀ ಸುಣ್ಣದ ಹಳ್ಳು ಅದಾವೇನು ನೋಡ್ರಿ. ಭಟ್ಟ್ಯಾಗ ಅದು ಸುಟ್ಟು ಸುಣ್ಣ ಆಗತೈತಿ, ಹೊರಗ ಬಂದ ಮ್ಯಾಲೆ ಹವಾದಾಗಿನ ಹಸಿ ಕುಡದು ಉಬ್ಬತೈತಿ. ನಾಕು ದಿನ ಬಿಟ್ಟು ನೋಡಿದ್ರ ಗಡಿಗಿ ಮೈಮ್ಯಾಲಿನ ಚಕ್ಕಿ ಹಾರಿ ಬಿದ್ದಿರತಾವ.

ಮೂರನೇಮಹಡಿ:

ಕುಂಬಾರಿಕೆಯ ಒಳಗುಟ್ಟು ಮೇಲಿನ ಇಬ್ಬರು ಹೇಳಿದ್ದಾರೆ, ನಾನು ಬಾಲ್ಕನಿ ಗುಟ್ಟು ಹೇಳ್ತೀನಿ. ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ತಿಗರಿ ಇದೆ. ಸದ್ದಿನ ತೊಂದರೆ ಇಲ್ಲ, ಸಮಸ್ಯೆ ಇರೋದೆಲ್ಲ ರಾಡಿ ಮತ್ತು ಧೂಳು.

ಮಣ್ಣಿನ ನೀರನ್ನ ಸಿಂಕಿಗಾಗಲಿ ಬಚ್ಚಲಿಗಾಗಲಿ ಒಂದು ಲೋಟವೂ ಸುರಿಯಬೇಡಿ, ಪೈಪಿನ ತಿರುವಿನಲ್ಲಿ ಕೂತು ಗಟ್ಟಿಯಾಗುತ್ತೆ. ಎರಡು ಬಕೆಟ್ ಇಟ್ಟುಕೊಳ್ಳಿ. ಕೈ ತೊಳೆದ ನೀರು ಮೊದಲನೆಯದರಲ್ಲಿ ಒಂದು ರಾತ್ರಿ ನಿಂತರೆ ಮೇಲೆ ತಿಳಿನೀರು ಬರುತ್ತೆ, ಅದನ್ನ ಗಿಡಕ್ಕೆ ಹಾಕಿ, ಕೆಳಗಿನ ಗಸಿ ಎರಡನೆಯದಕ್ಕೆ. ಅದೇ ಮತ್ತೆ ಮಣ್ಣಾಗುತ್ತೆ. ಕೆಟ್ಟುಹೋದ ಮಡಕೆಗಳನ್ನ ಅರೆಬರೆ ಒಣಗಿದಾಗ ನೀರಿಗೆ ಹಾಕಿದರೆ ಗಂಟು ಗಂಟಾಗಿ ಉಳಿಯುತ್ತೆ. ಪೂರ್ತಿ ಒಣಗಲಿ, ಪುಡಿ ಮಾಡಿ ನೀರಿಗೆ ಬಿಡಿ, ತಾನೇ ಕರಗಿ ಕೂರುತ್ತೆ.

ಧೂಳನ್ನ ಮಾತ್ರ ಹಗುರವಾಗಿ ತಗೋಬೇಡಿ. ಒಣಗಿದ ಮಣ್ಣಲ್ಲಿ ಸಿಲಿಕಾ ಇರುತ್ತೆ, ಆ ನುಣುಪು ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬರಬಹುದು. ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲೇ ಒರೆಸಿ. ಮಣ್ಣಾದ ಏಪ್ರನ್ ಮನೆಯೊಳಗೆ ಕೊಡವಬೇಡಿ. ಮಣ್ಣಿನ ಪುಡಿ ಮಾಡುವಾಗ ಮಾಸ್ಕ್ ಹಾಕಿಕೊಳ್ಳಿ.

ಆಮೇಲೆ ಸಾಗಾಟ. ಪೂರ್ತಿ ಒಣಗಿದ ಹಸಿ ಮಡಕೆಯಷ್ಟು ಪುಸಕ್ಕನೆ ಮುರಿಯೋ ವಸ್ತು ಇನ್ನೊಂದಿಲ್ಲ. ಬೆಂಗಳೂರಿನ ಹಂಪ್‌ಗಳ ಮೇಲೆ ಆಟೊದಲ್ಲಿ ಅದನ್ನ ಕಿಲ್ನ್ ತನಕ ಒಯ್ಯಬೇಕು ಅಂದ್ರೆ ಯೋಚನೆ ಮಾಡಿ. ಇನ್ನೂ ಸ್ವಲ್ಪ ತೇವ ಇದ್ದು ಬಿಗಿಯಾಗಿರುವಾಗಲೇ ಸ್ಪಂಜಿನ ಮಧ್ಯೆ ಇಟ್ಟು ಒಯ್ದು, ಅಲ್ಲೇ ಒಣಗೋಕೆ ಬಿಡೋದು ವಾಸಿ. ಹಾಂ, ಬೆನ್ಸನ್ ಟೌನ್ ಪಕ್ಕ ಪಾಟರಿ ಟೌನ್ ಇದೆಯಲ್ಲ, ಒಂದು ಬೆಳಿಗ್ಗೆ ಹೋಗಿ ಸುಮ್ಮನೆ ನಿಂತು ನೋಡಿ ಬನ್ನಿ. ಅಲ್ಲಿಯವರ ಮೊಣಕೈ ಎಲ್ಲಿರುತ್ತೆ ಅಂತ ಗಮನಿಸಿ. ಗಣೇಶನ ಹಬ್ಬದ ಹಿಂದುಮುಂದು ಹೋಗಬೇಡಿ, ಅವರಿಗೆ ತಲೆ ಎತ್ತೋಕೂ ಬಿಡುವಿರಲ್ಲ.

ತೆಂಗಿನಗರಿ:

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಈ ಭಾನುವಾರ ಸ್ಟೂಲ್ ಬದಲಾಯಿಸಿ ಎತ್ತರದ್ದು ಹಾಕಿಕೊಂಡೆ, ಮೊಣಕೈ ತೊಡೆಗೆ ಒತ್ತಿದೆ. ಭುಜ ನೋವು ಇಲ್ಲ! ಮಣ್ಣು ಪೂರ್ತಿ ನಿಲ್ಲದಿದ್ದರೂ ಕುಲುಕಾಟ ಕಡಿಮೆ ಆಯ್ತು. ಒಂದನ್ನ ಸೀಳಿಯೂ ನೋಡಿದೆ. ಬಾಯಿ ಹತ್ತಿರ ಕಾಗದ, ಬುಡದಲ್ಲಿ ಇಟ್ಟಿಗೆ. ಮೇಷ್ಟ್ರೂ ಬಂದು ನೋಡಿ ನಕ್ಕರು. ಹೊರಗಿನ ಮಾಲು ಸುಟ್ಟುಕೊಡ್ತಾರಂತೆ, ಆದರೆ ಅವರ ಹತ್ತಿರ ಕೊಂಡ ಮಣ್ಣಾಗಿದ್ದರೆ ಮಾತ್ರ. ಈಗ ಕಾರಣ ಗೊತ್ತಿರೋದರಿಂದ ಬೇಜಾರಾಗಲಿಲ್ಲ.

ಎರಡೇ ಸಣ್ಣ ಸಂದೇಹ. ಗಡಿಗಿಮನಿಯವರು ಹೇಳಿದ ಹಾಗೆ ಗುಡ್ಡೆ ಹಾಕಿ ಹಣತೆ ಮಾಡಿದೆ. ಒಣಗಿದ ಮೇಲೆ ಕೆಲವದರ ತಳದಲ್ಲಿ ಕೊಕ್ಕೆಯಾಕಾರದ ಬಿರುಕು ಬಂದಿದೆ, ಯಾಕೆ? ಮತ್ತೆ, ದಸರಾ ರಜೆಗೆ ಊರಿಗೆ ಹೋಗ್ತೀನಿ, ಆ ಕೆರೆ ಮಣ್ಣಲ್ಲಿ ಸುಣ್ಣ ಇದೆಯಾ ಅಂತ ಕಣ್ಣಿಗೆ ಕಾಣದಿದ್ದರೆ ಪತ್ತೆ ಮಾಡೋದು ಹೇಗೆ? ಪಕ್ಕದ ಊರಲ್ಲಿ ಇನ್ನೂ ಆವಿಗೆ (ಹಳ್ಳಿ ಕುಂಬಾರರು ಮಡಕೆ ಸುಡೋ ಗೂಡು) ಹಾಕೋ ಒಬ್ಬರು ಅಜ್ಜ ಇದ್ದಾರಂತೆ.

ಬೂದಿಮೆರುಗು:

ಅದಕ್ಕೇ ನಾನು ಗುಡ್ಡೆ ಹಾಕಿಸೋದು ತಡವಾಗಿ! ಗಡಿಗಿಮನಿ ಅವರೇ, ಜಗಳಕ್ಕೆ ಬಂದಿಲ್ಲ. ನಡುವಿಗೆ ತರೋ ಅಭ್ಯಾಸಕ್ಕೆ ನಿಮ್ಮ ದಾರಿ ಬೇಗದ್ದು ಅನ್ನೋದನ್ನ ಒಪ್ಪಿದೆ. ತೊಂದರೆ ತಳದ್ದು. ಒಂಟಿ ಉಂಡೆಯನ್ನ ತಟ್ಟೆ ಮೇಲೆ ಒತ್ತಿ ಕೂರಿಸುವಾಗ ತಳದ ಮಣ್ಣು ಬಿಗಿಯಾಗಿರುತ್ತೆ. ಗುಡ್ಡೆಯ ತುದಿಯಲ್ಲಿ ಮಾಡಿದ್ದರ ತಳಕ್ಕೆ ಆ ಒತ್ತಡ ಸಿಗೋದಿಲ್ಲ, ಕೆಳಗಿರೋದು ಮೆದು ಮಣ್ಣೇ ತಾನೆ. ಒಣಗುವಾಗ ಅಂಚು ಮೊದಲು ಕುಗ್ಗಿ ನಿಂತುಬಿಡುತ್ತೆ, ಆಮೇಲೆ ಕುಗ್ಗುವ ತಳ ಎಳೆದಾಡಿ ಸೀಳುತ್ತೆ. ಮಣ್ಣನ್ನ ತಿರುಗಿಸಿ ಮಾಡಿರೋದರಿಂದ ಬಿರುಕೂ ತಿರುಚಿಕೊಂಡು ಕೊಕ್ಕೆಯಾಗುತ್ತೆ.

ಪರಿಹಾರ: ಹೆಬ್ಬೆರಳು ಒತ್ತಿ ತಳ ತೆರೆದ ಮೇಲೆ, ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಬೆರಳ ತುದಿಯಲ್ಲಿ ಗಟ್ಟಿಯಾಗಿ ಒತ್ತಿ ಸವರಿ, ಎರಡು ಮೂರು ಸಲ. ಒಳಗೆ ನಿಂತ ನೀರನ್ನ ಸ್ಪಂಜಿನಿಂದ ತೆಗೆದೇ ಕತ್ತರಿಸಿ. ಮತ್ತೆ ಫ್ಯಾನ್ ಕೆಳಗೆ ಒಣಗಿಸಬೇಡಿ. ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಮುಚ್ಚಿ, ಬಾಯಿ ಗಟ್ಟಿಯಾದ ಕೂಡಲೇ ಬೋರಲು ಹಾಕಿ, ತಳಕ್ಕೂ ಗಾಳಿ ಸಿಗಲಿ. ಪೂರ್ತಿ ಒಣಗಿದೆಯಾ ಅಂತ ತಿಳಿಯೋಕೆ ಕೆನ್ನೆಗೆ ಇಟ್ಟು ನೋಡಿ, ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ. ಕಿಲ್ನ್‌ನಲ್ಲಿ ಮಡಕೆ ಸಿಡಿಯೋದು ಹೆಚ್ಚಾಗಿ ಆ ನೀರು ಆವಿಯಾಗುವ ರಭಸಕ್ಕೇ. ಎಲ್ಲರೂ ಗಾಳಿಗುಳ್ಳೆಯನ್ನ ಬೈಯ್ತಾರೆ, ಪಾಪ.

ಗಡಿಗಿಮನಿ:

ಮೇಡಮ್ಮಾರು ಹೇಳಿದ್ದು ಖರೆ, ತಳಾ ಒತ್ತೂದು ನಾ ಬರಿಯಾಕ ಬಿಟ್ಟೆ. ನಮ್ಮ ಕೈಗೆ ರೂಢಿ ಆಗಿ ಅದು ಹೇಳೂ ಮಾತು ಅಂತ ಅನಸೂದ ಇಲ್ಲ.

ಅಕ್ಕಾರ, ಸುಣ್ಣ ನೋಡಾಕ ಒಣಾ ಮಣ್ಣಿನ ಪುಡಿ ಮ್ಯಾಲೆ ಲಿಂಬಿ ರಸ ಹಿಂಡ್ರಿ. ಬುರುಗು ಎದ್ರ ಸುಣ್ಣ ಐತಿ. ಹಳ್ಳು ದಪ್ಪ ಇದ್ರ ಪೂರಾ ಒಣಗಿಸಿ ಕುಟ್ಟಿ, ನೀರಾಗ ನೆನೆ ಹಾಕಿ, ತೆಳ್ಳಗ ಕಲಕಿ ಸಣ್ಣ ಜಾಲರಿಲೆ ಸೋಸ್ರಿ, ಹೋಗತಾವ. ಸೋಸಿದ ರಾಡಿ ಹಳೇ ಧೋತರದಾಗ ಕಟ್ಟಿ ತೂಗ ಹಾಕಿದ್ರ ನೀರು ಇಳದು ಹದಕ್ಕ ಬರತೈತಿ. ಗ್ವಾಣಿ ಹಾಸಿ ಮುಚ್ಚಿ ಎಷ್ಟು ದಿನ ಕೊಳಿ ಹಾಕ್ತೀರಿ ಅಷ್ಟು ಜಿಗಟು ಏರತೈತಿ. ವಾಸನಿ ಬಂದ್ರ ಅಂಜಬ್ಯಾಡ್ರಿ, ಛಲೋ ಆಗಾಕತ್ತೇತಿ ಅಂತ ತಿಳೀರಿ.

ಆ ಅಜ್ಜಾರ ಕಡೆ ಖಾಲಿ ಕೈಲೆ ಹೋಗಬ್ಯಾಡ್ರಿ. ನಿಮ್ಮ ಹಣತಿ ಅವರ ಆವಿಗ್ಯಾಗ ಇಡಸೂ ಮೊದಲ ಅವರ ಎರಡು ಗಡಿಗಿ ಕೊಳ್ರಿ, ರೇಟ್ ಮಾಡಬ್ಯಾಡ್ರಿ. ಸುಡೂ ರೊಕ್ಕ ಬ್ಯಾರೆ ಕೊಡ್ರಿ, ಕಟಗಿ ರೇಟ್ ಏರೇತಿ. ಆವಿಗಿ ಯಾವತ್ತು ಹಾಕ್ತಾರ ಅಂತ ಮೊದಲ ಫೋನ್ ಮಾಡಿ ಕೇಳ್ರಿ. ಮಳಿ ಹತ್ತಿದ್ರ ಅವರು ಮುಂದ ಹಾಕ್ತಾರ. ದಸರಾ ಆದ ಮ್ಯಾಲೆ ದೀಪಾವಳಿ ಹಣತಿ ಸೀಜನ್, ಆವಾಗ ಜಾಗಾ ಸಿಗೂದು ಕಷ್ಟ. ಮತ್ತ ಆ ಅಜ್ಜಗ ನಿಮ್ಮ ಕೆರಿ ಮಣ್ಣು ಒಂದು ಹಿಡಿ ತೋರಸ್ರಿ. ನಾವು ಇಲ್ಲಿ ಕುಂತು ಇಷ್ಟೆಲ್ಲಾ ಬರದದ್ದು ಅವರು ಬಳ್ಳಾಗ ಹೊಸದು ನೋಡಿ ಒಂದು ಮಾತಿನ್ಯಾಗ ಹೇಳತಾರ. ಹಾಂ, ತೆಂಗಿನ ತೋಟದ ಗುಡ್ಡಿ ಅಂದ್ರಿ, ಬೇರು ನಾರು ಪೂರಾ ಆರಿಸಿ ತೆಗೀರಿ. ಆವಿಗ್ಯಾಗ ಅವು ಸುಟ್ಟು ಹೋಗಿ ಹಣತ್ಯಾಗ ತೂತು ಉಳೀತಾವ, ಎಣ್ಣಿ ಎಲ್ಲಾ ಸೋರತೈತಿ.